ಲಿಂಕ್ಡ್‌ಇನ್ ಜಾಬ್ಸ್: ಅರ್ಜಿ ಹಾಕುವ ಗುಂಡಿಗಿಂತ ಜನರ ಪಟ್ಟಿಯೇ ಮೇಲು

ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುವವರ ಬೆರಳು ಮೊದಲು ಹೋಗುವುದು 'ಈಸಿ ಅಪ್ಲೈ' ಎಂಬ ನೀಲಿ ಗುಂಡಿಯ ಮೇಲೆ. ಇಡೀ ಸೇವೆಯಲ್ಲಿ ತೀರಾ ದುರ್ಬಲವಾದ ಭಾಗ ಅದೇ. ನಿಜವಾಗಿ ಕೆಲಸಕ್ಕೆ ಬರುವುದು ಯಾರೂ ಅಷ್ಟಾಗಿ ಗಮನ ಕೊಡದ ಜನರ ಹುಡುಕಾಟ. ಯಾವ ಕಂಪನಿಯಲ್ಲಿ ಯಾರಿದ್ದಾರೆ, ಅವರಿಗೂ ನಿಮಗೂ ಗೊತ್ತಿರುವವರು ಯಾರು ಎಂದು ತೋರಿಸುವ ಆ ಪಟ್ಟಿಗಾಗಿಯೇ ಈ ಸೇವೆಯನ್ನು ಬಳಸಬೇಕು. ಇಲ್ಲಿ ಹೇಳುವುದೆಲ್ಲ ಉಚಿತ ಖಾತೆಯಲ್ಲೇ ಆಗುವ ಕೆಲಸ. ಪ್ರೀಮಿಯಂ ಮಾತು ಆಮೇಲೆ ಬರುತ್ತದೆ.

ಕೆಲಸ ಕೊಡಿಸುವ ವ್ಯವಹಾರ ಬದಲಾದ ಬಗೆಯನ್ನು ನೋಡಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ಹಿಂದೆ ಉದ್ಯೋಗ ವಿನಿಮಯ ಕಚೇರಿಯಲ್ಲೋ ಏಜೆನ್ಸಿಯಲ್ಲೋ ಒಬ್ಬ ಮನುಷ್ಯ ಕೂತಿರುತ್ತಿದ್ದ. ಕೆಲಸ ಎಂಥದ್ದು, ಕೇಳಿಕೊಂಡು ಬಂದವರು ಎಂಥವರು, ಎರಡೂ ಅವನಿಗೆ ಗೊತ್ತಿರುತ್ತಿತ್ತು. 1994ರ ಮಾನ್‌ಸ್ಟರ್ ಬೋರ್ಡ್, 1995ರಲ್ಲಿ ಹುಟ್ಟಿದ ಕರಿಯರ್‌ಬಿಲ್ಡರ್ ಪತ್ರಿಕೆಯ 'ಬೇಕಾಗಿದ್ದಾರೆ' ಪುಟವನ್ನು ಕಂಪ್ಯೂಟರಿಗೆ ತಂದವು. ನಡುವಿನ ಮನುಷ್ಯ ಅಲ್ಲಿಗೆ ಮಾಯವಾದ. 2004ರಲ್ಲಿ ಬಂದ ಇಂಡೀಡ್ ಎಲ್ಲೆಲ್ಲೋ ಚದುರಿದ್ದ ಜಾಹೀರಾತುಗಳನ್ನು ಒಂದೇ ಕಡೆ ಹುಡುಕುವ ಹಾಗೆ ಮಾಡಿತು. 2003ರ ಮೇ ತಿಂಗಳಲ್ಲಿ ಜನರಿಗೆ ತೆರೆದುಕೊಂಡ ಲಿಂಕ್ಡ್‌ಇನ್ ಮಾತ್ರ ಜಾಹೀರಾತು ಬಿಟ್ಟು ಜನರ ಪರಿಚಯದಿಂದ ಶುರು ಮಾಡಿತು. 2016ರಲ್ಲಿ ಮೈಕ್ರೋಸಾಫ್ಟ್ 2,620 ಕೋಟಿ ಡಾಲರ್ ಕೊಟ್ಟದ್ದು ಈ ಪರಿಚಯದ ಜಾಲಕ್ಕೆ. ಅತ್ತ ಮಾನ್‌ಸ್ಟರ್ ಮತ್ತು ಕರಿಯರ್‌ಬಿಲ್ಡರ್ ಎರಡೂ ಒಂದಾದರೂ ಉಳಿಯಲಾಗದೆ 2025ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದವು. ಬರೀ ಜಾಹೀರಾತು ಹಚ್ಚುವ ಹಲಗೆಗೆ ಈಗ ಬೆಲೆಯಿಲ್ಲ. ಲಿಂಕ್ಡ್‌ಇನ್‌ನ ಒಳಗೂ ಅಂಥದ್ದೇ ಒಂದು ಹಲಗೆ ಇದೆ, ಈಸಿ ಅಪ್ಲೈ ಅಂಟಿಕೊಂಡಿರುವುದು ಅದಕ್ಕೆ.

ಆ ಗುಂಡಿ ಒತ್ತಿದರೆ ಏನಾಗುತ್ತದೆ ನೋಡಿ. ಇಮೇಲ್, ಫೋನ್ ನಂಬರ್ ತಾನೇ ತುಂಬಿಕೊಳ್ಳುತ್ತದೆ. ಬದಲಾದ ಹಳೇ ನಂಬರ್ ಇದ್ದರೂ ಹಾಗೇ ಹೋಗುತ್ತದೆ. ಮುಂದಿನ ಪರದೆಯಲ್ಲಿ ರೆಸ್ಯೂಮೆ. ಹಿಂದಿನ ಸಲ ಕಳಿಸಿದ ಫೈಲೇ ಆಯ್ಕೆಯಾಗಿ ಕೂತಿರುತ್ತದೆ. ಅವಸರದಲ್ಲಿ 'ಮುಂದೆ, ಮುಂದೆ' ಒತ್ತಿದವರು ಅಕೌಂಟ್ಸ್ ಹುದ್ದೆಗೆ ಮಾಡಿದ ರೆಸ್ಯೂಮೆಯನ್ನು ಆಡಿಟ್ ಹುದ್ದೆಗೆ ಕಳಿಸಿರುತ್ತಾರೆ. ಮೂರನೆಯದು ಪ್ರಶ್ನೆಗಳ ಪರದೆ. ಬಹಳಷ್ಟು ಅರ್ಜಿ ಸಾಯುವುದು ಇಲ್ಲೇ. 'ಈ ಸಾಫ್ಟ್‌ವೇರಿನಲ್ಲಿ ಎಷ್ಟು ವರ್ಷದ ಅನುಭವ?' ಎಂಬಲ್ಲಿ ಪೂರ್ಣ ಅಂಕಿ ಮಾತ್ರ ಹಿಡಿಯುತ್ತದೆ, 0.8 ಎಂದು ಹಾಕಿದರೆ ಕೆಂಪಕ್ಷರದ ಎಚ್ಚರಿಕೆ ಬರುತ್ತದೆ. ಹತ್ತು ತಿಂಗಳು ಕೆಲಸ ಮಾಡಿದವರು ಸಂಕೋಚದಿಂದ 0 ಹಾಕುತ್ತಾರೆ. ಜಾಹೀರಾತು ಕೊಟ್ಟವರು ಆ ಪ್ರಶ್ನೆಯನ್ನು 'ಕಡ್ಡಾಯ' ಎಂದು ಗುರುತು ಮಾಡಿದ್ದರೆ ಅರ್ಜಿ ತಾನಾಗಿಯೇ 'ಹೊಂದುವುದಿಲ್ಲ' ಎಂಬ ಗುಂಪಿಗೆ ಬೀಳುತ್ತದೆ. ಕೆಲ ದಿನದ ಮೇಲೆ ಕೈಮುಗಿದು ಕಳಿಸುವ ಒಂದು ಮೆಸೇಜ್ ಬರುತ್ತದೆ. ರೆಸ್ಯೂಮೆಯನ್ನು ಯಾರೂ ತೆರೆದೇ ಇರುವುದಿಲ್ಲ. ಹತ್ತು ತಿಂಗಳಿದ್ದರೆ 1 ಎಂದು ಹಾಕಿ, ರೆಸ್ಯೂಮೆಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಮೂರು ತಿಂಗಳ ಕೆಲಸವನ್ನು 3 ವರ್ಷ ಎಂದರೆ ಸಂದರ್ಶನದ ಮೊದಲ ಪ್ರಶ್ನೆಗೇ ಬಯಲಾಗುತ್ತದೆ.

ಒಂದು ನಿಮಿಷದಲ್ಲಿ ಮುಗಿಯುವ ಅರ್ಜಿ ನಿಮಗೆ ಎಷ್ಟು ಸುಲಭವೋ ಉಳಿದವರಿಗೂ ಅಷ್ಟೇ ಸುಲಭ. ನೂರಾರು ಅರ್ಜಿಗಳ ನಡುವೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಈಗ ರೆಸ್ಯೂಮೆ ಬರೆಯುವುದಕ್ಕೂ ಎಐ, ಅರ್ಜಿ ತುಂಬುವುದಕ್ಕೂ ಬಾಟ್. ಲಿಂಕ್ಡ್‌ಇನ್‌ನ ಬಳಕೆ ನಿಯಮ ಇಂಥ ಬಾಟ್‌ಗಳನ್ನೂ ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನೂ ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಖಾತೆಗೇ ತಡೆ ಬೀಳುತ್ತದೆ. ಕೆಲಸ ಹುಡುಕುವ ಹೊತ್ತಿನಲ್ಲಿ ಖಾತೆ ಕಳೆದುಕೊಳ್ಳುವುದು ಎಷ್ಟು ದೊಡ್ಡ ನಷ್ಟ ಎಂಬುದನ್ನು ಆ ಬಾಟ್ ಮಾರುವವರು ಹೇಳುವುದಿಲ್ಲ.

ಬರೀ 'ಅಪ್ಲೈ' ಎಂದಿರುವ ಗುಂಡಿ ಬೇರೆ. ಅದು ಕಂಪನಿಯ ಸ್ವಂತ ತಾಣಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಅರ್ಜಿ ತೆಗೆದುಕೊಳ್ಳಲು ವರ್ಕ್‌ಡೇ ಎಂಬ ಸಾಫ್ಟ್‌ವೇರ್ ಇದ್ದರೆ ಕಂಪನಿಗೊಂದು ಹೊಸ ಖಾತೆ ತೆರೆಯಬೇಕು, ರೆಸ್ಯೂಮೆಯಲ್ಲಿ ಇರುವುದನ್ನೇ ಮತ್ತೆ ಟೈಪ್ ಮಾಡಬೇಕು. ಇಪ್ಪತ್ತು ನಿಮಿಷ ಹಿಡಿಯುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ. ಆದರೂ ಎರಡೂ ದಾರಿ ತೆರೆದಿದ್ದರೆ ಇದನ್ನೇ ಹಿಡಿಯಿರಿ. ಅರ್ಧ ಜನ ಆ ಖಾತೆ ತೆರೆಯುವ ಪುಟದಲ್ಲೇ ವಾಪಸ್ ಹೋಗಿರುತ್ತಾರೆ ಎಂದುಕೊಂಡೇ ತುಂಬಿ. ಜಾಹೀರಾತಿನ ಪಕ್ಕ ಕಾಣುವ 'ನೂರಕ್ಕಿಂತ ಹೆಚ್ಚು' ಎಂಬ ಸಂಖ್ಯೆಗೆ ಹೆದರಬೇಡಿ. ಹೊರಗಿನ ತಾಣಕ್ಕೆ ಹೋಗುವ ಹುದ್ದೆಗಳಲ್ಲಿ ಅದು ಗುಂಡಿ ಒತ್ತಿದವರ ಲೆಕ್ಕ. ಅರ್ಜಿ ಮುಗಿಸಿದವರು ಎಷ್ಟು ಎಂಬುದು ಲಿಂಕ್ಡ್‌ಇನ್‌ಗೆ ಕಾಣುವುದಿಲ್ಲ.

ಹುಡುಕಾಟದ ಸೋಸುವಿಕೆ ಚೆನ್ನಾಗಿದೆ, ಆದರೆ ಮೊದಲೇ ಇರುವ ಜೋಡಣೆ ಚೆನ್ನಾಗಿಲ್ಲ. 'ಪ್ರಸ್ತುತತೆ'ಯ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ 'ಪ್ರಮೋಟೆಡ್' ಎಂಬ ಸಣ್ಣ ಅಕ್ಷರದ ಸಾಲುಗಳು ದುಡ್ಡು ಕೊಟ್ಟು ಮೇಲೆ ಬಂದವು. ಜೋಡಣೆಯನ್ನು ದಿನಾಂಕಕ್ಕೆ ಬದಲಾಯಿಸಿ, 'ಕಳೆದ 24 ಗಂಟೆ' ಆರಿಸಿ. ಆಗ ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ 86400 ಎಂಬ ಅಂಕಿ ಕಾಣುತ್ತದೆ. ಒಂದು ದಿನಕ್ಕೆ ಅಷ್ಟು ಸೆಕೆಂಡು. ಅದನ್ನು ಅಳಿಸಿ 3600 ಎಂದು ಹಾಕಿ ಎಂಟರ್ ಒತ್ತಿದರೆ ಕಳೆದ ಒಂದು ಗಂಟೆಯಲ್ಲಿ ಬಂದ ಹುದ್ದೆಗಳಷ್ಟೇ ಉಳಿಯುತ್ತವೆ. ಮೊದಲ ಇಪ್ಪತ್ತು ಮೂವತ್ತು ಅರ್ಜಿಗಳಲ್ಲಿ ಒಂದಾಗುವುದಕ್ಕೂ ಮುನ್ನೂರನೆಯದಾಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಸಾಕಷ್ಟು ಒಳ್ಳೆಯವರು ಸಿಕ್ಕ ಕೂಡಲೇ ರಿಕ್ರೂಟರ್, ಅಂದರೆ ಕಂಪನಿಗೆ ಜನರನ್ನು ಆರಿಸುವವರು, ಕೆಳಗೆ ಸ್ಕ್ರೋಲ್ ಮಾಡುವುದನ್ನು ನಿಲ್ಲಿಸುತ್ತಾರೆ. ಹುದ್ದೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಪದಗಳು ಒಟ್ಟಿಗೆ ಇರುವವು ಮಾತ್ರ ಬರುತ್ತವೆ. ಬೇಡದ್ದನ್ನು ತೆಗೆಯಲು ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ನಾಟ್' ಎಂದು ಹಾಕಿ ಮುಂದೆ ಆ ಪದ ಬರೆಯಿರಿ.

ಈ ಪಟ್ಟಿಯಲ್ಲಿ ಎಲ್ಲ ಹುದ್ದೆಯೂ ಇರುವ ಹುದ್ದೆಯಲ್ಲ. ಭರ್ತಿಯಾದ ಮೇಲೆ ಮುಚ್ಚಲು ಮರೆತದ್ದು, ಒಳಗಿನವರನ್ನೇ ತೆಗೆದುಕೊಳ್ಳುವುದೆಂದು ತೀರ್ಮಾನವಾದ ಮೇಲೂ ನಿಯಮಕ್ಕೆಂದು ಹಾಕಿದ್ದು, ಮುಂದೆ ಬೇಕಾದೀತು ಎಂದು ರೆಸ್ಯೂಮೆ ಗುಡ್ಡೆ ಹಾಕಿಕೊಳ್ಳಲು ತೆರೆದಿಟ್ಟದ್ದು, ಬೇರೆ ತಾಣದಿಂದ ನಕಲಾಗಿ ಬಂದದ್ದು ಎಲ್ಲವೂ ಸೇರಿರುತ್ತವೆ. 'ರೀಪೋಸ್ಟೆಡ್' ಎಂದಿದ್ದರೆ ಒಂದು ಸಲ ಅನುಮಾನಿಸಿ. ಖಚಿತ ಮಾಡಿಕೊಳ್ಳುವ ದಾರಿ ಒಂದೇ. ಕಂಪನಿಯ ತಾಣದ ವೃತ್ತಿ ಪುಟಕ್ಕೆ ನೇರವಾಗಿ ಹೋಗಿ, ಅದೇ ಹೆಸರಿನ ಹುದ್ದೆ ಇದೆಯೇ ನೋಡಿ, ಅದರ ಹುದ್ದೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಇಲ್ಲದ ಹುದ್ದೆಗೆ ಅರ್ಜಿ ಹಾಕುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಲಿಂಕ್ಡ್‌ಇನ್ ಇಂಥವನ್ನು ಇನ್ನಷ್ಟು ಬಿಗಿಯಾಗಿ ತೆಗೆದುಹಾಕಬೇಕು. 2023ರಿಂದ ಹುದ್ದೆಗಳ ಮೇಲೆ ದೃಢೀಕರಣದ ಗುರುತು ಬಂದಿದೆ, ಅದು ಕಂಪನಿ ನಿಜವೇ, ಹಾಕಿದವರು ನಿಜವೇ ಎಂದಷ್ಟೇ ಹೇಳುತ್ತದೆ. ಹುದ್ದೆ ಇನ್ನೂ ಖಾಲಿ ಇದೆಯೇ ಎಂಬುದನ್ನು ಹೇಳುವುದಿಲ್ಲ.

ರೆಸ್ಯೂಮೆ ಬಗ್ಗೆ ಒಂದು ಪರೀಕ್ಷೆ ಮಾಡಿ, ಎರಡು ನಿಮಿಷ ಸಾಕು. ಪಿಡಿಎಫ್ ತೆರೆದು, ಎಲ್ಲವನ್ನೂ ಆರಿಸಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಎರಡು ಕಾಲಮ್ಮಿನ ಅಂದದ ವಿನ್ಯಾಸವಾಗಿದ್ದರೆ ಎಡಗಡೆಯ 'ಭಾಷೆಗಳು: ಕನ್ನಡ' ಎಂಬ ಸಾಲಿನ ಬಾಲಕ್ಕೆ ಬಲಗಡೆಯ 'ಸೀನಿಯರ್ ಎಂಜಿನಿಯರ್, 2019' ಅಂಟಿಕೊಂಡಿರಬಹುದು. ನಂಬರಿನ ಪಕ್ಕ ಇದ್ದ ಫೋನ್ ಚಿತ್ರ ಬರೀ ಚೌಕವಾಗಿರಬಹುದು. ಕೌಶಲಕ್ಕೆ ಹಾಕಿದ ಐದು ನಕ್ಷತ್ರ ಎಲ್ಲೂ ಇರುವುದಿಲ್ಲ. ಕಂಪನಿಯ ಅರ್ಜಿ ವ್ಯವಸ್ಥೆಗೆ, ಅಂದರೆ ಎಟಿಎಸ್‌ಗೆ, ಸಿಗುವುದು ಹೆಚ್ಚುಕಡಿಮೆ ಇದೇ ಕಲಸಿದ ಪಠ್ಯ. ಅದಕ್ಕೆ ಒಂದೇ ಕಾಲಮ್, ಮಾಮೂಲಿ ತಲೆಬರಹ, ಪ್ರತಿ ಕೆಲಸಕ್ಕೂ ತಿಂಗಳು ಮತ್ತು ವರ್ಷ ಇಟ್ಟುಕೊಳ್ಳಿ. ಹೆಡರ್ ಫೂಟರ್‌ನಲ್ಲಿ ಫೋನ್ ನಂಬರ್ ಬೇಡ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಪದಗಳನ್ನು ಅಡಗಿಸುವ ಉಪಾಯ ಇದೇ ನೋಟ್‌ಪ್ಯಾಡಿನಲ್ಲಿ ಬೆತ್ತಲಾಗುತ್ತದೆ. ಎಟಿಎಸ್ ತಾನೇ ಓದಿ ತಾನೇ ಕಸದಬುಟ್ಟಿಗೆ ಎಸೆಯುತ್ತದೆ ಎಂಬ ಮಾತು ಬಹುಪಾಲು ಅತಿಶಯೋಕ್ತಿ. ತಡೆಯುವುದು ಮೇಲೆ ಹೇಳಿದ ಕಡ್ಡಾಯ ಪ್ರಶ್ನೆಗಳು, ಮತ್ತು ರಿಕ್ರೂಟರ್ ಪದ ಹಾಕಿ ಹುಡುಕಿದಾಗ ನಿಮ್ಮ ರೆಸ್ಯೂಮೆಯಲ್ಲಿ ಆ ಪದ ಇಲ್ಲದಿರುವುದು. ಜಾಹೀರಾತಿನಲ್ಲಿ 'ಇನ್ವೆಂಟರಿ ಕಂಟ್ರೋಲ್' ಎಂದಿದ್ದು ನೀವು 'ಸ್ಟಾಕ್ ನಿರ್ವಹಣೆ' ಎಂದು ಬರೆದಿದ್ದರೆ, ಮಾಡಿದ ಕೆಲಸ ಒಂದೇ ಆದರೂ ಹುಡುಕಾಟದಲ್ಲಿ ನೀವು ಇಲ್ಲ.

ಯಂತ್ರವೇ ಅಂಕ ಕೊಡುವ ಕಾಲವೂ ಬಂದಿದೆ, ಅದು ಪೂರಾ ಒಳ್ಳೆಯದಾಗಿಲ್ಲ. ಅಮೆಜಾನ್ ಒಳಗೆ ಪ್ರಯೋಗ ಮಾಡುತ್ತಿದ್ದ ರೆಸ್ಯೂಮೆ ಅಳೆಯುವ ಸಾಫ್ಟ್‌ವೇರ್ ಹೆಣ್ಣುಮಕ್ಕಳ ಅರ್ಜಿಗೆ ಕಡಿಮೆ ಅಂಕ ಕೊಡಲು ಕಲಿತಿತ್ತು ಎಂದು 2018ರಲ್ಲಿ ರಾಯ್ಟರ್ಸ್ ವರದಿ ಮಾಡಿತು. ಅದಕ್ಕೂ ಮೊದಲೇ ಅದನ್ನು ಕೈಬಿಡಲಾಗಿತ್ತು. ಹಳೆಯ ಅರ್ಜಿಗಳಲ್ಲಿ ಗಂಡಸರೇ ಹೆಚ್ಚಿದ್ದುದರಿಂದ ಅದು ಅದನ್ನೇ ಯೋಗ್ಯತೆ ಎಂದುಕೊಂಡಿತ್ತು. ವಿಡಿಯೊ ಸಂದರ್ಶನದಲ್ಲಿ ಮುಖದ ಚಲನೆ ನೋಡಿ ಅಂಕ ಕೊಡುವುದನ್ನು ಕೈಬಿಟ್ಟದ್ದನ್ನು ಹೈರ್‌ವ್ಯೂ ಎಂಬ ಕಂಪನಿ 2021ರಲ್ಲಿ ಪ್ರಕಟಿಸಿತು. 2023ರ ಜುಲೈಯಿಂದ ನ್ಯೂಯಾರ್ಕ್ ನಗರ ಇಂಥ ಸಾಧನಗಳಿಗೆ ಪಕ್ಷಪಾತದ ಆಡಿಟ್ ಕಡ್ಡಾಯ ಮಾಡಿ ಜಾರಿಗೆ ತಂದಿದೆ. ಐರೋಪ್ಯ ಒಕ್ಕೂಟದ 2024ರ ಎಐ ಕಾನೂನು ನೇಮಕಾತಿಗೆ ಬಳಸುವ ಎಐಯನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ಲಿಂಕ್ಡ್‌ಇನ್ ಕೂಡ 2024ರಲ್ಲಿ ರಿಕ್ರೂಟರ್‌ಗಳಿಗೆ ಎಐ ಸಹಾಯಕವನ್ನು ಪ್ರಕಟಿಸಿತು. ಅಂದರೆ ಇನ್ನು ಮುಂದೆ ನಿಮ್ಮ ಪ್ರೊಫೈಲನ್ನು ಮೊದಲು ಓದುವುದು ಮನುಷ್ಯರಲ್ಲದೆಯೂ ಇರಬಹುದು. ಹೆಸರಿನ ಕೆಳಗಿನ 220 ಅಕ್ಷರದ ಸಾಲಿನಲ್ಲಿ 'ಕನಸುಗಾರ, ಕಲಿಯುವ ಹಂಬಲವುಳ್ಳವ' ಎಂದು ಬರೆದರೆ ಓದುವುದು ಮನುಷ್ಯರಾದರೂ ಯಂತ್ರವಾದರೂ ಪ್ರಯೋಜನವಿಲ್ಲ. ಹುದ್ದೆಯ ಹೆಸರು, ಕ್ಷೇತ್ರ, ಎರಡು ಮೂರು ಮುಖ್ಯ ಸಾಧನಗಳು ಅಲ್ಲಿರಬೇಕು. ಕೌಶಲ ಪರೀಕ್ಷೆಯ ಬ್ಯಾಡ್ಜ್ ಪಡೆಯಿರಿ ಎಂದು ಸಲಹೆ ಕೊಡುವ ಹಳೆಯ ಬರಹಗಳನ್ನು ನಂಬಬೇಡಿ, ಆ ಪರೀಕ್ಷೆಗಳನ್ನು 2023ರ ಕೊನೆಗೆ ನಿಲ್ಲಿಸಲಾಗಿದೆ.

ಈಗ ಜನರ ಪಟ್ಟಿಗೆ ಬರೋಣ.

ದೂರದ ಪರಿಚಯವೇ ಕೆಲಸದ ಸುದ್ದಿ ತರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ನಿಮ್ಮ ಬಳಗದ ಆಚೆಯವರಿಂದ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಲಿಂಕ್ಡ್‌ಇನ್‌ನಲ್ಲೇ ಪರೀಕ್ಷೆಗಿಟ್ಟಿತು. ಐದು ವರ್ಷ, 2 ಕೋಟಿಗೂ ಹೆಚ್ಚು ಜನ, 200 ಕೋಟಿ ಹೊಸ ಸಂಪರ್ಕ, 6 ಲಕ್ಷ ಹೊಸ ಕೆಲಸ. ಕೆಲಸ ಬದಲಾಯಿಸಲು ಹೆಚ್ಚು ನೆರವಾದದ್ದು ತೀರಾ ಹತ್ತಿರದವರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನವರು. ಹಿಂದಿನ ಕಂಪನಿಯಲ್ಲಿ ಬೇರೆ ಮಹಡಿಯಲ್ಲಿದ್ದವರು, ಕಾಲೇಜಿನಲ್ಲಿ ಎರಡು ವರ್ಷ ಹಿರಿಯರಾಗಿದ್ದವರು, ಒಂದು ತರಬೇತಿಯಲ್ಲಿ ಜೊತೆ ಕೂತವರು ಇಂಥವರು. ಡಿಜಿಟಲ್ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಿ ಈ ಪರಿಣಾಮ ಹೆಚ್ಚು, ಕಡಿಮೆ ಇರುವ ಕಡೆ ಆಪ್ತ ಪರಿಚಯವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದೂ ಅಲ್ಲಿ ಕಂಡಿತು. ಸಾಫ್ಟ್‌ವೇರಿನವರಿಗೆ ಕೊಡುವ ಸಲಹೆಯನ್ನೇ ಕಟ್ಟಡದ ಕೆಲಸದವರಿಗೂ ಕೊಡಬಾರದು ಎನ್ನುವುದು ಇದಕ್ಕೇ.

ಮಾಡುವ ಕ್ರಮ ಹೀಗೆ. ಬೇಕಾದ ಕಂಪನಿಯ ಪುಟ ತೆರೆದು 'ಪೀಪಲ್' ಒತ್ತಿ. ಅಲ್ಲಿ ಓದಿದ ಸಂಸ್ಥೆ, ಮಾಡುವ ಕೆಲಸ, ಇರುವ ಊರಿನ ಪ್ರಕಾರ ಸಿಬ್ಬಂದಿಯನ್ನು ವಿಂಗಡಿಸಬಹುದು. ಮೊದಲು ನಿಮ್ಮ ಶಾಲೆ ಕಾಲೇಜು ಹಾಕಿ ನೋಡಿ, ಆಮೇಲೆ ಜನರ ಹುಡುಕಾಟಕ್ಕೆ ಹೋಗಿ 'ಹಿಂದಿನ ಕಂಪನಿ' ಎಂಬಲ್ಲಿ ನಿಮ್ಮ ಹಳೆಯ ಕಂಪನಿ ಹಾಕಿ. ಎರಡನೇ ಹಂತದ ಸಂಪರ್ಕ ಎಂದು ಬರುವವರ ಹೆಸರಿನ ಕೆಳಗೆ ನಡುವಿನ ಪರಿಚಿತರು ಯಾರು ಎಂದು ಕಾಣುತ್ತದೆ. ಎಚ್‌ಆರ್‌ಗೆ ಬರೆಯುವುದಕ್ಕಿಂತ ಅದೇ ತಂಡದಲ್ಲಿ ಅದೇ ಮಟ್ಟದ ಕೆಲಸ ಮಾಡುವವರಿಗೆ ಬರೆಯಿರಿ. ಎಚ್‌ಆರ್ ಇನ್‌ಬಾಕ್ಸ್ ತುಂಬಿ ತುಳುಕುತ್ತಿರುತ್ತದೆ, ಇವರ ಇನ್‌ಬಾಕ್ಸ್ ಬಹುತೇಕ ಖಾಲಿ.

ಉಚಿತ ಖಾತೆಯಲ್ಲಿ ಸಂಪರ್ಕ ಕೋರಿಕೆಯ ಜೊತೆ ಬರೆಯುವ ಟಿಪ್ಪಣಿಗೆ 200 ಅಕ್ಷರದ ಮಿತಿ, ಅದೂ ತಿಂಗಳಿಗೆ ಕೆಲವೇ. ಹಾಗಾಗಿ ಟಿಪ್ಪಣಿಯನ್ನು ಆರಿಸಿದ ಜನರಿಗೇ ಉಳಿಸಿಕೊಳ್ಳಿ. ಹೀಗೆ ಬರೆದರೆ ಸಾಕು: 'ನಮಸ್ಕಾರ. ನಿಮ್ಮ ತಂಡದ ಡೇಟಾ ಅನಲಿಸ್ಟ್ ಹುದ್ದೆ ನೋಡಿದೆ. ಮೂರು ವರ್ಷ ಗೋದಾಮಿನ ಸ್ಟಾಕ್ ಡೇಟಾ ಮೇಲೆ ಕೆಲಸ ಮಾಡಿದ್ದೇನೆ. ಈ ಹುದ್ದೆಯಲ್ಲಿ ರಿಪೋರ್ಟ್ ಕೆಲಸ ಹೆಚ್ಚೋ, ಮಾಡೆಲ್ ಕೆಲಸ ಹೆಚ್ಚೋ ತಿಳಿಸುವಿರಾ?' ಇಲ್ಲಿ 'ಕೆಲಸ ಕೊಡಿಸಿ' ಎಂಬ ಮಾತಿಲ್ಲ. ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದೆ. ಉತ್ತರ ಬಂದ ಮೇಲೆ ಮಾತು ರೆಫರಲ್‌ಗೆ, ಅಂದರೆ ಒಳಗಿನವರ ಶಿಫಾರಸಿಗೆ, ಹೋಗುವುದು ಕಷ್ಟವಲ್ಲ. ಮೊದಲ ಮೆಸೇಜಿಗೇ ರೆಸ್ಯೂಮೆ ಅಂಟಿಸಿ 'ದಯವಿಟ್ಟು ರೆಫರ್ ಮಾಡಿ' ಎನ್ನುವವರಿಗೆ ಉತ್ತರ ಬರದಿದ್ದರೆ ಆಶ್ಚರ್ಯವಿಲ್ಲ. ನೀವು ಯಾರೆಂದೇ ಗೊತ್ತಿಲ್ಲದವರು ತಮ್ಮ ಹೆಸರನ್ನು ಪಣಕ್ಕಿಡಲು ಹಿಂಜರಿಯುತ್ತಾರೆ.

ಇದರಲ್ಲಿ ಒಂದು ಕ್ರಮ ತಪ್ಪಿದರೆ ಎಲ್ಲ ಹಾಳು. ಹಲವು ಕಂಪನಿಗಳ ವ್ಯವಸ್ಥೆಯಲ್ಲಿ, ನೀವು ಅರ್ಜಿ ಹಾಕುವ ಮೊದಲೇ ಒಳಗಿನವರು ನಿಮ್ಮ ಹೆಸರನ್ನು ಸೇರಿಸಿದ್ದರೆ ಮಾತ್ರ ರೆಫರಲ್ ಲೆಕ್ಕಕ್ಕೆ ಬರುತ್ತದೆ. ಆತುರಪಟ್ಟು ಈಸಿ ಅಪ್ಲೈ ಒತ್ತಿದ್ದರೆ ನಿಮ್ಮ ಇಮೇಲ್ ಆಗಲೇ ದಾಖಲಾಗಿರುತ್ತದೆ, ಆಮೇಲೆ ಅವರು ಮನಸ್ಸು ಮಾಡಿದರೂ ವ್ಯವಸ್ಥೆ ಒಪ್ಪುವುದಿಲ್ಲ. ಅದಕ್ಕೆ ಮೊದಲು ಜನ, ಆಮೇಲೆ ಅರ್ಜಿ. ಹುದ್ದೆ ಕಂಡ ದಿನವೇ ಮೂವರಿಗೆ ಬರೆಯಿರಿ, ಎರಡು ದಿನ ಕಾಯಿರಿ, ಯಾರೂ ಮಾತಾಡದಿದ್ದರೆ ಕಂಪನಿಯ ತಾಣದಲ್ಲಿ ನೀವೇ ಅರ್ಜಿ ಹಾಕಿ. ರೆಫರ್ ಮಾಡುತ್ತೇನೆ ಎಂದವರಿಗೆ ಹುದ್ದೆ ಸಂಖ್ಯೆ, ಪಿಡಿಎಫ್, ನೀವು ಯಾಕೆ ಹೊಂದುತ್ತೀರಿ ಎಂಬ ನಾಲ್ಕು ಸಾಲು ಒಟ್ಟಿಗೇ ಕಳಿಸಿ. ಅವರು ಹುಡುಕಾಡುವ ಹಾಗಾಗಬಾರದು. ಒಂದೇ ತಿಂಗಳಲ್ಲಿ ಅತಿಯಾಗಿ ಹುಡುಕಿದರೆ ಉಚಿತ ಖಾತೆಗೆ ತಡೆ ಬೀಳುತ್ತದೆ, ಮುಂದಿನ ತಿಂಗಳ 1ನೇ ತಾರೀಕಿಗೆ ಮತ್ತೆ ತೆರೆಯುತ್ತದೆ. ಹಾಗಾಗಿ ಮೊದಲು ಕಂಪನಿಗಳ ಪಟ್ಟಿ ಮಾಡಿಕೊಂಡು ಆಮೇಲೆ ಕೂರುವುದು ಮೇಲು.

ಈಗಿರುವ ಕೆಲಸದಲ್ಲಿದ್ದುಕೊಂಡೇ ಹುಡುಕುವವರು, ಕೆಲಸಕ್ಕೆ ಸಿದ್ಧ ಎಂದು ತೋರಿಸುವ 'ಓಪನ್ ಟು ವರ್ಕ್' ಗುರುತಿನ ವಿಷಯದಲ್ಲಿ ಎಚ್ಚರ ವಹಿಸಿ. ಅದರಲ್ಲಿ ಎರಡು ಬಗೆ. ಎಲ್ಲರಿಗೂ ಕಾಣುವುದು, ಅಂದರೆ ಫೋಟೊ ಸುತ್ತ ಹಸಿರು ಪಟ್ಟಿ ಬರುವುದು ಒಂದು. ರಿಕ್ರೂಟರ್‌ಗಳಿಗೆ ಮಾತ್ರ ಕಾಣುವುದು ಇನ್ನೊಂದು. ಎರಡನೆಯದರಲ್ಲಿ ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಮಾಡಲು ಪ್ರಯತ್ನಿಸುತ್ತೇವೆ, ಪೂರ್ಣ ಖಾತರಿ ಕೊಡಲಾಗದು ಎಂದು ಲಿಂಕ್ಡ್‌ಇನ್ ತಾನೇ ಹೇಳಿದೆ. ಪ್ರೊಫೈಲ್ ತಿದ್ದುವ ಮೊದಲು ಬದಲಾವಣೆಯ ಸುದ್ದಿ ಸಂಪರ್ಕದವರಿಗೆ ಹೋಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಕೊಳ್ಳಿ.

ಪ್ರೀಮಿಯಂ ಕರಿಯರ್ ಬೇಕೇ? ಬಹಳ ಜನರಿಗೆ ಬೇಡ. ಅದರಲ್ಲಿ ಉಪಯೋಗಕ್ಕೆ ಬರುವುದು ತಿಂಗಳಿಗೆ ಸಿಗುವ 5 ಇನ್‌ಮೇಲ್. ಸಂಪರ್ಕ ಇಲ್ಲದವರಿಗೂ ಬರೆಯಬಹುದು, 90 ದಿನದೊಳಗೆ ಉತ್ತರ ಬಂದರೆ ಆ ಕ್ರೆಡಿಟ್ ವಾಪಸ್ ಬರುತ್ತದೆ. 'ನೀವು ಮುಂಚೂಣಿಯ ಅರ್ಜಿದಾರರು' ಎಂಬ ಪಟ್ಟಿ ಪ್ರೊಫೈಲ್ ಪದಗಳ ಹೋಲಿಕೆ, ಅದನ್ನು ನಂಬಿ ಕೂರಬೇಡಿ. ಪ್ರಾಯೋಗಿಕ ಅವಧಿ ಸಿಕ್ಕರೆ, ಮೇಲೆ ಹೇಳಿದ ಕಂಪನಿ ಪಟ್ಟಿ ಸಿದ್ಧ ಮಾಡಿಕೊಂಡ ಮೇಲೆಯೇ ಶುರು ಮಾಡಿ. ಅವಧಿ ಮುಗಿದರೆ ಹಣ ತಾನಾಗಿಯೇ ಕಡಿತವಾಗುತ್ತದೆ, ರದ್ದು ಮಾಡುವ ದಿನವನ್ನು ಕ್ಯಾಲೆಂಡರಿನಲ್ಲಿ ಹಾಕಿಡಿ.

ಮೋಸದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಕೆಲಸ ಹುಡುಕುವವರಿಂದ ಖಾಸಗಿ ಏಜೆನ್ಸಿಗಳು ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಶುಲ್ಕ ವಸೂಲಿ ಮಾಡಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ತತ್ವ, ವಿನಾಯಿತಿಗಳು ಸೀಮಿತ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ದುಡ್ಡು ಕೇಳಿದ ಕ್ಷಣ ಮಾತು ನಿಲ್ಲಿಸಿ. ಇನ್ನೊಂದು ಬಗೆ ಹೆಚ್ಚು ಅಪಾಯದ್ದು. ಸಾಫ್ಟ್‌ವೇರಿನವರಿಗೆ 'ಕೋಡಿಂಗ್ ಪರೀಕ್ಷೆ' ಎಂದು ಕಳಿಸುವ ಫೈಲಿನೊಳಗೆ ಮಾಲ್‌ವೇರ್ ಇರುತ್ತದೆ. 2022ರಲ್ಲಿ ರೋನಿನ್ ಎಂಬ ಕ್ರಿಪ್ಟೊ ಜಾಲದಲ್ಲಿ ನಡೆದ ಭಾರಿ ಕಳವು ಲಿಂಕ್ಡ್‌ಇನ್ ಮೂಲಕ ಬಂದ ಸುಳ್ಳು ಉದ್ಯೋಗದ ಆಫರ್ ಪಿಡಿಎಫ್‌ನಿಂದ ಶುರುವಾಯಿತು ಎಂದು ವರದಿಯಾಗಿತ್ತು. ಇಂಥ ಪರೀಕ್ಷೆಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಎಂದೂ ತೆರೆಯಬೇಡಿ, ವರ್ಚುವಲ್ ಯಂತ್ರದಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಪ್ರತ್ಯೇಕವಾಗಿ ಓಡುವ ಇನ್ನೊಂದು ಕಂಪ್ಯೂಟರಿನಲ್ಲಿ, ತೆರೆಯಿರಿ. ಬರೆದವರ ಇಮೇಲ್ ಕಂಪನಿಯ ಡೊಮೇನಿನದೇ ಎಂದು ನೋಡಿ. ಎರಡನೇ ಮೆಸೇಜಿಗೇ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಬನ್ನಿ ಎನ್ನುವವರಿಗೆ ಕಂಪನಿ ಇಮೇಲಿನಿಂದ ಬರೆಯಲು ಹೇಳಿ. ನಿಜವಾದವರು ಬರೆಯುತ್ತಾರೆ, ಕಳ್ಳರು ಮಾಯವಾಗುತ್ತಾರೆ.

ಕೊನೆಗೆ ಒಂದು ಸೆಟ್ಟಿಂಗ್. ಡೇಟಾ ಗೌಪ್ಯತೆಯ ಪುಟದಲ್ಲಿ 'ನಿಮ್ಮ ಡೇಟಾದ ಪ್ರತಿ ಪಡೆಯಿರಿ' ಎಂಬ ಆಯ್ಕೆ ಇದೆ. ಕೇಳಿದರೆ ಸಂಪರ್ಕಗಳ ಪಟ್ಟಿ, ಹಾಕಿದ ಅರ್ಜಿಗಳ ಪಟ್ಟಿ ಎಕ್ಸೆಲ್‌ನಲ್ಲಿ ತೆರೆಯುವ ಫೈಲುಗಳಾಗಿ ಬರುತ್ತವೆ. ಅರ್ಜಿಗಳ ಫೈಲಿಗೆ ಎರಡು ಕಾಲಮ್ ಸೇರಿಸಿ, ಒಂದರಲ್ಲಿ ಯಾರ ಜೊತೆ ಮಾತಾಡಿದ್ದೀರಿ, ಇನ್ನೊಂದರಲ್ಲಿ ಯಾವ ರೆಸ್ಯೂಮೆ ಕಳಿಸಿದ್ದೀರಿ ಎಂದು ಬರೆದಿಡಿ. ಎರಡು ತಿಂಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು 'ನಿಮ್ಮ ಅರ್ಜಿ ನೋಡಿದೆವು' ಎಂದಾಗ ಯಾವ ಕಂಪನಿ, ಯಾವ ಹುದ್ದೆ ಎಂದು ತಡಕಾಡದೆ ಮಾತಾಡಲು ಆ ಫೈಲ್ ಬೇಕು.